ಹನ್ನೊಂದು ಪುಟದ ಒಪ್ಪಿಗೆ

ನಮ್ಮ ಬೀದಿಯಲ್ಲಿ ಯಾರಿಗೆ ನೋವು ಬಂದರೂ ಅದು ಎಲ್ಲರಿಗೂ ಸಮನಾಗಿ ಹಂಚಿಹೋಗುತ್ತದೆ. ನಾವು ಅರವತ್ತಮೂರು ಜನ. ಒಬ್ಬರ ದವಡೆಹಲ್ಲು ಹುಳುಕಾದರೆ ಅರವತ್ತಮೂರು ದವಡೆಗಳಲ್ಲಿ ಸಣ್ಣಗೆ ಜುಂ ಅನ್ನುತ್ತದೆ. ಹಲ್ಲಿನ ಒಡೆಯರಿಗೂ ಅಷ್ಟೇ, ಎದುರು ಮನೆಯ ಬೊಚ್ಚುಬಾಯಿ ಅಜ್ಜಿಗೂ ಅಷ್ಟೇ. ಇದು ಹೇಗೆ ಎಂದು ನನ್ನನ್ನು ಕೇಳಬೇಡಿ. ಬಾವಿ ನೀರಿನಿಂದ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಬಾವಿ ಮುಚ್ಚಿ ನಲ್ಲಿ ಬಂದು ಇಪ್ಪತ್ತು ವರ್ಷವಾಯಿತು, ನೋವು ಹಂಚಿಕೊಳ್ಳುತ್ತಲೇ ಇದ್ದೇವೆ.

ಬದುಕು ಅದಕ್ಕೆ ತಕ್ಕ ಹಾಗೆ ಹೊಂದಿಕೊಂಡಿದೆ. ಯಾರಾದರೂ ಹೊಸದಾಗಿ ಸೈಕಲ್ ಕಲಿಯುತ್ತಿದ್ದರೆ ಹಿಂದೆ ಹಿಡಿದುಕೊಳ್ಳಲು ಹತ್ತು ಜನ ಓಡುತ್ತಾರೆ, ಪ್ರೀತಿಯಿಂದ ಅಂದುಕೊಳ್ಳಬೇಡಿ. ಮಗುವಿಗೆ ಕಿವಿ ಚುಚ್ಚಿಸುವವರು ಮೂರು ದಿನ ಮೊದಲೇ ಮನೆಮನೆಗೆ ಹೇಳಿ ಬರಬೇಕು, ಇಲ್ಲದಿದ್ದರೆ ಕ್ಷೌರದ ಕತ್ತಿ ಹಿಡಿದವನ ಕೈ ಅಲುಗುತ್ತದೆ. ನಮ್ಮ ಬೀದಿಯ ಗಂಡಸರು ಹೆರಿಗೆಯ ವಿಷಯದಲ್ಲಿ ದೊಡ್ಡ ಮಾತಾಡುವುದಿಲ್ಲ. ಯಾರಿಗಾದರೂ ದಿನ ತುಂಬಿದೆ ಎಂದರೆ ಅವರೂ ಒಂದು ತುತ್ತು ಕಡಿಮೆ ಉಣ್ಣುತ್ತಾರೆ. ಬೀದಿಯ ಬಾಯಲ್ಲಿ ಒಂದು ಗಡಿಗಲ್ಲಿದೆ. ಅದನ್ನು ದಾಟಿ ಆಚೆ ಹೋದವರ ನೋವು ಅವರ ಹಿಂದೆಯೇ ಇಡಿಯಾಗಿ ಹೋಗುತ್ತದೆ, ಬೀದಿಯವರ ನೋವು ಅವರಿಗೆ ತಾಕುವುದಿಲ್ಲ. ಬೀದಿಯಲ್ಲಿ ಯಾರಿಗಾದರೂ ಕಾಲು ಮುರಿದ ವಾರ ನಮ್ಮ ಸೊಸೆಯಂದಿರಿಗೆ ಸಂತೆಯಲ್ಲಿ ತುಂಬಾ ಕೆಲಸವಿರುತ್ತದೆ.

ಒಂದು ಮರ್ಯಾದೆ ಮಾತ್ರ ಎಲ್ಲರೂ ಕಾಪಾಡಿಕೊಂಡು ಬಂದಿದ್ದೇವೆ. ನೋವು ಎಲ್ಲರಿಗೂ ಗೊತ್ತಾಗುತ್ತದೆ, ಆದರೆ ಅದು ಇಂಥವರದು ಎಂದು ಯಾರೂ ಬಾಯಿಬಿಟ್ಟು ಹೇಳಬಾರದು. ನೋವಿನ ಒಡೆಯರೇ ಮೊದಲು ಹೇಳಬೇಕು. ಅವರು ಹೇಳುವತನಕ ಎಲ್ಲರೂ ಪಕ್ಕೆ ಉಜ್ಜಿಕೊಳ್ಳುತ್ತಾ ಮಳೆ ಬೆಳೆ ಮಾತಾಡುತ್ತೇವೆ. ಗೋಡೆಯಿಲ್ಲದ ಮನೆಯವರು ಬೆನ್ನು ತಿರುಗಿಸಿ ಕೂರುವಂಥ ಮರ್ಯಾದೆ ಇದು.

ನಾನು ಚನ್ನಾಜಮ್ಮ. ಬೀದಿಯ ನಡುವೆ ಹಿಟ್ಟಿನ ಗಿರಣಿ ನನ್ನದು. ಗಿರಣಿಯ ಸದ್ದಿನ ಮೇಲೆ ಮಾತಾಡಿ ಮಾತಾಡಿ ನನ್ನ ಗಂಟಲು ದೊಡ್ಡದು. ಓದು ಬರಹವೂ ಬರುತ್ತದೆ. ಈ ಎರಡು ಕಾರಣಕ್ಕೆ ಇಂದುಮತಿ ಮೇಡಂ ನನ್ನನ್ನು ಹಿಡಿದುಕೊಂಡರು.

ಅವರು ಬಂದದ್ದು ಮರಿಸಿದ್ದಯ್ಯನ ಮಂಡಿಯ ದೆಸೆಯಿಂದ. ಮರಿಸಿದ್ದಯ್ಯನಿಗೆ ಎಪ್ಪತ್ತು ದಾಟಿದೆ. ಶಾಲೆಯ ಕಮಾನಿಗೆ ಬಣ್ಣ ಬಳಿಯುವಾಗ ಏಣಿಯಿಂದ ಬಿದ್ದು ಬಲಮಂಡಿ ಕೆಟ್ಟಿತು. ಅದನ್ನು ಅವನೇ ಡಂಗುರ ಹೊಡೆದುಕೊಂಡು ಹೇಳಿದ, ಹೇಳಿಕೊಳ್ಳಲು ಅವನಿಗೆ ಬೇರೆ ಸಾಧನೆ ಇರಲಿಲ್ಲ. ಮಾರನೆಯ ವರ್ಷ ಸರ್ಕಾರದ ಕಡೆಯಿಂದ ಯಾರೋ ಆರೋಗ್ಯದ ವಿಚಾರ ಬರೆದುಕೊಳ್ಳಲು ಬಂದರು. ಆರು ವರ್ಷದ ಕೂಸಿನಿಂದ ಎಂಬತ್ತರ ಮುದುಕಿಯವರೆಗೆ ಬೀದಿಯಲ್ಲಿ ಎಲ್ಲರಿಗೂ ಬಲಮಂಡಿ ನೋವು ಎಂದು ಬರೆದುಕೊಂಡು ಹೋದರು. ಆ ಕಾಗದ ಎಲ್ಲೆಲ್ಲೋ ತಿರುಗಿ ದೂರದ ನಗರದ ಒಂದು ಸಂಶೋಧನಾ ಸಂಸ್ಥೆಯ ಮೇಜಿಗೆ ಬಿತ್ತು. ಮಂಡಿನೋವಿಗೆ ಹೊಸ ಮುಲಾಮು ಪರೀಕ್ಷೆ ಮಾಡಲು ಜಾಗ ಹುಡುಕುತ್ತಿದ್ದವರಿಗೆ ಇದಕ್ಕಿಂತ ಏನು ಬೇಕು?

ಇಂದುಮತಿ ಮೇಡಮ್ಮಿಗೆ ಮೂವತ್ತೈದು ಇರಬಹುದು. ಕನ್ನಡಕ, ಕಪ್ಪು ಕೊಡೆ, ಎರಡು ಪೆಟ್ಟಿಗೆ ಮುಲಾಮು, ಮೂರು ಪೆಟ್ಟಿಗೆ ಕಾಗದ. ಗಿರಣಿಯ ಮೇಲಿನ ಕೋಣೆಯಲ್ಲಿ ಇಳಿದುಕೊಂಡರು. ತುಂಬಾ ನ್ಯಾಯದ ಹೆಣ್ಣುಮಗಳು. ಒಪ್ಪಿಗೆ ಪತ್ರವನ್ನು ಪೂರ್ತಿ ಓದಿ ಹೇಳದೆ ಯಾರ ಕೈಯಲ್ಲೂ ಸಹಿ ಹಾಕಿಸಬಾರದು ಎಂದು ನನಗೆ ಆಣೆಯಿಟ್ಟು ಹೇಳಿದರು. ಪತ್ರ ಹನ್ನೊಂದು ಪುಟ ಇತ್ತು. ನಾನು ಅದನ್ನು ಒಬ್ಬೊಬ್ಬರ ಜಗಲಿಯಲ್ಲೂ ಕೂತು ಓದಿದೆ. ನಾಲ್ಕನೇ ಮನೆಗೆ ಬರುವ ಹೊತ್ತಿಗೆ ನನಗೆ ಬಾಯಿಪಾಠ, ಕೇಳುವವರಿಗೆ ಆಕಳಿಕೆ. ಎಷ್ಟೋ ಜನ ಮೂರನೇ ಪುಟಕ್ಕೇ ಹೆಬ್ಬೆಟ್ಟು ಚಾಚಿದರು. ನಾನು ಬಿಡಲಿಲ್ಲ.

ಸಿಕ್ಕಿಕೊಂಡದ್ದು ಎರಡು ಕಡೆ. ಪತ್ರದಲ್ಲಿ, ಇದರಲ್ಲಿ ಸೇರುವುದು ಬಿಡುವುದು ನಿಮಗೆ ಮಾತ್ರ ಸಂಬಂಧಪಟ್ಟ ವಿಷಯ, ಬೇರೆ ಯಾರನ್ನೂ ಕೇಳಬೇಕಾಗಿಲ್ಲ ಎಂದಿತ್ತು. ಸೂಲಗಿತ್ತಿ ಪುಟ್ಟೀರಮ್ಮನಿಗೆ ಅದು ಬೈಗುಳದ ಹಾಗೆ ಕೇಳಿಸಿತು.

"ನಂಗೆ ಮಾತ್ರ ಸಂಬಂಧ ಅಂದ್ರೇನವ್ವ? ನಂಗೇನು ಹಿಂದೆ ಮುಂದೆ ಯಾರೂ ಇಲ್ವ?" ಎಂದು ಎದ್ದು ಒಳಗೆ ಹೋದಳು. ಸಮಾಧಾನ ಮಾಡಿ ಕರೆದುಕೊಂಡು ಬರಲು ಒಂದು ಲೋಟ ಕಾಫಿ ಬೇಕಾಯಿತು. ಇನ್ನೊಂದು ಕಡೆ, ನಿಮ್ಮ ನೋವಿನ ವಿಚಾರವನ್ನು ಗುಟ್ಟಾಗಿ ಇಡಲಾಗುವುದು ಎಂದಿತ್ತು. ಅಲ್ಲಿಗೆ ಬಂದಾಗಲೆಲ್ಲ ಜನ ನಗುತ್ತಿದ್ದರು. ಮೇಡಮ್ಮು ಪಕ್ಕದಲ್ಲಿ ಕೂತು, ಇದರಲ್ಲಿ ನಗುವಂಥದ್ದು ಏನಿದೆ ಎಂದು ನನ್ನ ಮುಖ ನೋಡುತ್ತಿದ್ದರು. ನಾವು ಯಾರೂ ಹೇಳಲಿಲ್ಲ. ಮುಚ್ಚಿಟ್ಟೆವು ಅಂತಲ್ಲ. ಅದು ಬಾಯಿಬಿಟ್ಟು ಹೇಳಬೇಕಾದ ಸಂಗತಿ ಎಂದೇ ನಮಗೆ ಅನಿಸಿರಲಿಲ್ಲ. ಬಿಸಿಲಿಗೆ ನೀರು ಆರುತ್ತದೆ ಎಂದು ಬಂದ ನೆಂಟರಿಗೆ ಯಾರಾದರೂ ಹೇಳುತ್ತಾರೆಯೇ?

ಮೂವತ್ತು ಜನರನ್ನು ಆರಿಸಿ ಮುಲಾಮಿನ ಟ್ಯೂಬು ಕೊಟ್ಟರು. ಹದಿನೈದರಲ್ಲಿ ನಿಜವಾದ ಔಷಧ, ಹದಿನೈದರಲ್ಲಿ ಅದರ ಹಾಗೇ ಕಾಣುವ, ಅದರ ಹಾಗೇ ನಾರುವ ಬರೀ ಮೇಣ. ಯಾರಿಗೆ ಯಾವುದು ಬಂತು ಎಂದು ಮೇಡಮ್ಮಿಗೂ ಗೊತ್ತಿಲ್ಲ, ಅದೇ ಇದರ ನಿಯಮವಂತೆ. ದಿನಾ ಬೆಳಿಗ್ಗೆ ನೋಯುವ ಮಂಡಿಗೆ ಹಚ್ಚಿ ಎಂದರು. ಸಂಜೆ ಒಂದು ಹಲಗೆ ತಂದು ತೋರಿಸುತ್ತಿದ್ದರು. ಅದರಲ್ಲಿ ಹತ್ತು ಗುಂಡು ಮುಖಗಳು, ಮೊದಲನೆಯದು ನಗುತ್ತಿತ್ತು, ಹತ್ತನೆಯದು ಬೋರೋ ಎಂದು ಅಳುತ್ತಿತ್ತು. ನಿಮ್ಮ ನೋವು ಯಾವ ಮುಖದಷ್ಟು ಎಂದು ಕೇಳಿದರೆ ಎಲ್ಲರೂ ಒಂದೇ ಮುಖ ತೋರಿಸುತ್ತಿದ್ದರು. ಎರಡು ವಾರ ಕಳೆಯಿತು. ಮೂವತ್ತು ಜನರಿಗೂ ನೋವು ಒಂದೇ ದಿನ, ಒಂದೇ ಸಮ ಕಡಿಮೆಯಾಯಿತು. ಮೇಡಮ್ಮು ಕೋಣೆಯಲ್ಲಿ ಕೂತು ತಲೆ ಕೆರೆದುಕೊಂಡರು.

ಹದಿನೇಳನೇ ದಿನ ಬೆಳಿಗ್ಗೆ ಬೇಗ ಎದ್ದು ಕೆಳಗಿಳಿದು ಬಂದರು. ಮರಿಸಿದ್ದಯ್ಯನ ಜಗಲಿಯ ಮುಂದೆ ಸಾಲು ನಿಂತಿತ್ತು. ಅವನು ಪಂಚೆಯನ್ನು ತೊಡೆಯವರೆಗೆ ಎತ್ತಿ ಕಟ್ಟಿ, ಮದುವೆ ಗಂಡಿನ ಗತ್ತಿನಲ್ಲಿ ಕಾಲು ಚಾಚಿ ಕೂತಿದ್ದ. ಒಬ್ಬೊಬ್ಬರೂ ತಮ್ಮ ತಮ್ಮ ಟ್ಯೂಬಿನಿಂದ ಬೆರಳ ತುದಿಯಷ್ಟು ಮುಲಾಮು ತೆಗೆದು ಅವನ ಮಂಡಿಗೆ ತಿಕ್ಕಿ ಮುಂದೆ ಹೋಗುತ್ತಿದ್ದರು. ಮಂಡಿ ಎಣ್ಣೆ ಹಚ್ಚಿದ ಹಲಸಿನಹಣ್ಣಿನ ಹಾಗೆ ಮಿರಮಿರ ಹೊಳೆಯುತ್ತಿತ್ತು. ಮೇಡಮ್ಮು ಬಾಯಿ ತೆರೆದು ನಿಂತರು.

"ಮಂಡಿ ನಂದು ಕಣವ್ವ," ಎಂದ ಮರಿಸಿದ್ದಯ್ಯ. "ಔಸ್ದಿ ಇಲ್ಲೀಗೇ ತಾನೆ ಬರ್ಬೇಕು?"

ಅವತ್ತು ಗಿರಣಿ ನಿಲ್ಲಿಸಿ ನಾನು ಅವರಿಗೆ ಎಲ್ಲವನ್ನೂ ಹೇಳಿದೆ. ನಂಬಲಿಲ್ಲ. ಪುಟ್ಟೀರಮ್ಮನನ್ನು ನಾಲ್ಕು ಮನೆ ಆಚೆ ಕೂರಿಸಿ, ನನ್ನ ಕಿರುಬೆರಳಿಗೆ ಸೂಜಿ ಚುಚ್ಚಿ ನೋಡಿದರು. ಅದಕ್ಕೂ ಮೊದಲು ನನ್ನ ಒಪ್ಪಿಗೆ ಕೇಳಿದರು, ಆದರೆ ಪುಟ್ಟೀರಮ್ಮನ ಒಪ್ಪಿಗೆ ಕೇಳಬೇಕೆಂದು ಅವರಿಗೆ ಹೊಳೆಯಲಿಲ್ಲ. ಅವಳು ಅಲ್ಲಿಂದಲೇ ಬೈದದ್ದು ಕೇಳಿಸಿತು. ಆಮೇಲೆ ಮೇಡಮ್ಮು ಸೂಜಿಯನ್ನು ಕಾಗದದಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದರು. ನಾನು ತಪ್ಪು ಮಾಡಿದೆ ಅಕ್ಕಾ, ಒಬ್ಬೊಬ್ಬರ ಒಪ್ಪಿಗೆ ತಗೊಂಡೆ, ಬೀದಿಯ ಒಪ್ಪಿಗೆ ತಗೊಳ್ಳಲಿಲ್ಲ ಎಂದರು. ಸಂಸ್ಥೆಗೆ ಬರೆದು, ಮುಲಾಮು ನಿಲ್ಲಿಸಿ, ಎಲ್ಲವನ್ನೂ ಮೊದಲಿನಿಂದ ಸರಿಯಾಗಿ ಮಾಡುತ್ತೇನೆಂದು ಉಳಿದುಕೊಂಡರು. ಮರಿಸಿದ್ದಯ್ಯನಿಗೆ ಮಾತ್ರ ಬೇಜಾರಾಯಿತು, ಜಗಲಿ ಮುಂದಿನ ಸಾಲು ಕರಗಿಹೋಯಿತಲ್ಲ.

ತಿಂಗಳು ಕಳೆಯಿತು. ನಮ್ಮ ಬೀದಿಯಲ್ಲಿ ಒಂದು ತಿಂಗಳು ಉಂಡು ಮಲಗೆದ್ದವರು ನಮ್ಮವರಾಗುತ್ತಾರೆ, ಅವರು ಕೇಳಲಿ ಬಿಡಲಿ. ಮೇಡಮ್ಮಿಗೂ ಬಲಮಂಡಿ ಜುಂ ಅನ್ನತೊಡಗಿತು. ಗಿಡ್ಡ ಸ್ಟೂಲಿನ ಮೇಲೆ ಕೂತು ಕೂತು ಹೀಗಾಯಿತು ಎಂದು ಕುರ್ಚಿ ತರಿಸಿಕೊಂಡರು. ಇಡೀ ಬೀದಿಯ ನೋವನ್ನು ಪುಸ್ತಕದಲ್ಲಿ ಬರೆದುಕೊಂಡವರಿಗೆ ತಾವೂ ಆ ಬೀದಿಯಲ್ಲೇ ಇದ್ದೇವೆ ಎನ್ನುವುದು ಹೊಳೆಯಲಿಲ್ಲ. ನಾವು ಒಳಗೊಳಗೇ ನಕ್ಕೆವು. ಅರವತ್ತನಾಲ್ಕನೆಯವರು ಸೇರಿದ್ದಕ್ಕೆ ಎಲ್ಲರ ಪಾಲೂ ಒಂದು ಕೂದಲೆಳೆ ಕಡಿಮೆಯಾಗಿತ್ತು.

ಆದರೆ ಅದೇ ವಾರ ಬಲ ಪಕ್ಕೆಲುಬಿನ ಕೆಳಗೆ ಒಂದು ಹೊಸ ನೋವು ಬಂತು. ಸಣ್ಣದೇ, ಮುಳ್ಳು ತಾಗಿದಷ್ಟು. ಆದರೆ ಬಿಡುತ್ತಿರಲಿಲ್ಲ. ಯಾರೂ ತಮ್ಮದೆಂದು ಹೇಳಲಿಲ್ಲ. ಇಂಥ ಸಮಯದಲ್ಲಿ ನಮ್ಮಲ್ಲಿ ಒಂದು ಪದ್ಧತಿ ಇದೆ. ಯಾರೂ ಏನೂ ಮಾತಾಡದೆ, ಯಾವುದೋ ನೆಪ ಮಾಡಿಕೊಂಡು, ಒಬ್ಬೊಬ್ಬರಾಗಿ ಗಡಿಗಲ್ಲು ದಾಟಿ ಹೋಗಿ ಬರುತ್ತಾರೆ. ಯಾರು ಹೋದಾಗ ಬೀದಿಯ ನೋವು ನಿಲ್ಲುತ್ತದೋ ಅವರದು ಅದು. ಒಬ್ಬರು ಬೆಂಕಿಪೊಟ್ಟಣ ತಂದರು, ಒಬ್ಬರು ಕೊತ್ತಂಬರಿ ತಂದರು, ಮರಿಸಿದ್ದಯ್ಯ ಕುಂಟಿಕೊಂಡು ಹೋಗಿ ಬರಿಗೈಲಿ ಬಂದ. ನೋವು ಅಲುಗಲಿಲ್ಲ. ಶನಿವಾರ ಮೇಡಮ್ಮು ಕೊಡೆ ಹಿಡಿದು ಸಂಸ್ಥೆಗೆ ಫೋನು ಮಾಡಲು ಬಸ್ ನಿಲ್ದಾಣಕ್ಕೆ ಹೊರಟರು. ಅವರು ಕಲ್ಲು ದಾಟಿದ ಕೂಡಲೇ ಇಡೀ ಬೀದಿ ನೆಟ್ಟಗೆ ನಿಂತು ಉಸಿರುಬಿಟ್ಟಿತು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಎರಡು ಗಂಟೆ ಬಿಟ್ಟು ಅವರು ಬಂದಾಗ ಮುಖ ಬಿಳಿಚಿಕೊಂಡಿತ್ತು. ಬಸ್ ನಿಲ್ದಾಣದ ಬೋಂಡ ತನಗೆ ಆಗುವುದಿಲ್ಲ, ಹೊಟ್ಟೆ ಹಿಡಿದುಕೊಳ್ಳುತ್ತದೆ ಎಂದರು. ಮುಂದಿನ ಶನಿವಾರ ಬೋಂಡ ಬಿಟ್ಟರು. ಅದರ ಮುಂದಿನ ಶನಿವಾರ ಚಹಾ ಬಿಟ್ಟರು. ಬೀದಿಗೆ ಮರಳಿದ ಕೂಡಲೇ ಅರವತ್ತಮೂರು ಜನ ಅವರ ನೋವು ಹೊರುತ್ತಿದ್ದೆವು, ಅವರು ಮಾತ್ರ ನಿಮ್ಮ ಊರಿನ ಗಾಳಿಗೆ ಎಲ್ಲವೂ ವಾಸಿಯಾಗುತ್ತದೆ ಎಂದು ನಗುತ್ತಾ ಮಹಡಿ ಹತ್ತುತ್ತಿದ್ದರು.

ಪುಟ್ಟೀರಮ್ಮ ಗಿರಣಿಗೆ ಬಂದಳು. ರಾಗಿ ತಂದಿರಲಿಲ್ಲ. ಪಕ್ಕೆಯ ಮೇಲೆ ಕೈಯಿಟ್ಟುಕೊಂಡು, ಇದು ಗಾಳಿಯಲ್ಲ, ಪಿತ್ತವಲ್ಲ, ದಿನದಿನಕ್ಕೂ ಒಂದು ಗೋಧಿಕಾಳಿನಷ್ಟು ಬೆಳೀತಾ ಐತೆ ಎಂದಳು. ಯಾರ ಹೆಸರನ್ನೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ನನಗೆ ಹೆಸರು ಹೇಳುವ ಭಯ ಎಲ್ಲರಿಗಿಂತ ಹೆಚ್ಚು. ನನಗೆ ಹದಿನಾಲ್ಕು ವರ್ಷವಿದ್ದಾಗ ಒಂದು ಬೆಳಿಗ್ಗೆ ಬೀದಿಯ ಹೆಂಗಸರು ಗಂಡಸರೆಲ್ಲ ಕಿಬ್ಬೊಟ್ಟೆ ಹಿಡಿದುಕೊಂಡರು. ನಾನು ಬಾವಿಕಟ್ಟೆಯಲ್ಲಿ ನಿಂತು, ಇದು ನಮ್ಮ ಅತ್ತಿಗೆಯದು, ಅವಳು ಒಳಗೆ ಅಳುತ್ತಾ ಇದ್ದಾಳೆ ಎಂದು ಕೂಗಿ ಹೇಳಿದೆ. ಅವಳು ಬಸುರಿಯಾದದ್ದೂ ಯಾರಿಗೂ ಗೊತ್ತಿರಲಿಲ್ಲ, ಕಳೆದುಕೊಂಡದ್ದೂ ಗೊತ್ತಾಗುವುದು ಅವಳಿಗೆ ಬೇಕಿರಲಿಲ್ಲ. ಆ ವಾರವೇ ಗಡಿಗಲ್ಲು ದಾಟಿ ತವರಿಗೆ ಹೋದವಳು ಮತ್ತೆ ಬರಲಿಲ್ಲ. ನಮ್ಮಣ್ಣ ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಎಂದು ನಲವತ್ತು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ.

ಹೇಳಿದರೆ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಮೇಡಮ್ಮಿನ ಜೀವ ಹೋಗುತ್ತದೆ. ಎರಡು ದಿನ ನನ್ನ ಗಿರಣಿಯಲ್ಲಿ ಹಿಟ್ಟು ದಪ್ಪ ಬಿತ್ತು, ಜನ ದೂರಿದರು. ಮೂರನೇ ದಿನ ಒಂದು ಖಾಲಿ ಒಪ್ಪಿಗೆ ಪತ್ರ ತೆಗೆದುಕೊಂಡು ಮಹಡಿ ಹತ್ತಿದೆ. ಮೇಡಮ್ಮನ್ನು ಗಿಡ್ಡ ಸ್ಟೂಲಿನ ಮೇಲೆ ಕೂರಿಸಿ ನಾನು ಕುರ್ಚಿಯಲ್ಲಿ ಕೂತೆ. ಅರವತ್ತು ಸಲ ನಾನು ಬೇರೆಯವರಿಗೆ ಓದಿದ್ದೇನೆ, ಇವತ್ತು ನಿಮಗೆ ಓದುತ್ತೇನೆ, ಕೇಳಬೇಕು ಎಂದೆ. ಅವರಿಗೆ ತಮಾಷೆಯೆನಿಸಿತು. ಸರಿ ಎಂದು ಕೈಕಟ್ಟಿ ಕೂತರು. ಮೂರನೇ ಪುಟಕ್ಕೆ ಆಕಳಿಸಿದರು. ಐದನೇ ಪುಟಕ್ಕೆ ಕೈಚಾಚಿ, ಸಹಿ ಎಲ್ಲಿ ಹಾಕಬೇಕು ಕೊಡಿ ಎಂದರು. ಪೂರ್ತಿ ಕೇಳದೆ ಸಹಿ ಹಾಕಬಾರದೆಂದು ನೀವೇ ಹೇಳಿದ್ದು ಎಂದು ನಾನು ಕಾಗದ ಹಿಂದಕ್ಕೆ ಎಳೆದುಕೊಂಡೆ.

ಒಂಬತ್ತನೇ ಪುಟದಲ್ಲಿ ಆ ಸಾಲು ಇತ್ತು. ಈ ಅಧ್ಯಯನದ ಸಮಯದಲ್ಲಿ ನಿಮ್ಮ ಆರೋಗ್ಯಕ್ಕೆ ಸಂಬಂಧಿಸಿದ ಸಂಗತಿ ಏನಾದರೂ ನಮಗೆ ಗೊತ್ತಾದರೆ, ಅದನ್ನು ತಿಳಿದುಕೊಳ್ಳಲು ನಿಮಗೆ ಇಷ್ಟವಿದೆಯೇ ಇಲ್ಲವೇ? ಅದನ್ನು ಓದಿ ನಾನು ನಿಲ್ಲಿಸಿದೆ. ಮುಂದೆ ಓದಲಿಲ್ಲ. ತಲೆಯೆತ್ತಲೂ ಆಗಲಿಲ್ಲ. ಅವರ ನಗು ನಿಧಾನವಾಗಿ ನಿಂತಿತು.

"ಇಷ್ಟವಿದೆ," ಎಂದರು. ಸ್ಟೂಲನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು, "ಎಲ್ಲಿ, ಚನ್ನಾಜಕ್ಕ?" ಎಂದರು.

ನಾನು ನನ್ನ ಬಲ ಪಕ್ಕೆಯನ್ನು ಮುಟ್ಟಿ ತೋರಿಸಿದೆ. ಎಷ್ಟು ದಿನದಿಂದ ಎಂದು ಕೇಳಿದರು, ಇಪ್ಪತ್ತನಾಲ್ಕು ದಿನವಾಯಿತು ಎಂದೆ. ಅಭ್ಯಾಸದ ಮೇಲೆ ಮುಖಗಳ ಹಲಗೆ ತೆಗೆದು ನನ್ನ ಮುಂದೆ ಹಿಡಿದರು. ಎರಡನೆಯ ಮುಖಕ್ಕೆ ಬೆರಳಿಟ್ಟೆ.

"ನಂಗೆ ಇಷ್ಟೇ ಮೇಡಮ್ಮೋರೆ. ಆದ್ರೆ ಅರವತ್ತನಾಕು ಜನಕ್ಕೂ ಇಷ್ಟಿಷ್ಟು."

ಅವರು ಪೆನ್ನು ತೆಗೆದರು. ಒಂದು ಅಂಕಿ ಬರೆದರು, ಅದರ ಪಕ್ಕ ಇನ್ನೊಂದು ಬರೆದರು, ಗುಣಿಸಲು ಹೋಗಿ ಪೆನ್ನು ಕೆಳಗಿಟ್ಟರು. ಶನಿವಾರದ ಬೋಂಡ ನೆನಪಾಯಿತೋ ಏನೋ, ಕಣ್ಣಲ್ಲಿ ನೀರು ಬಂತು. ನೀವೆಲ್ಲ ಇಷ್ಟು ದಿನ ನನ್ನ ನೋವು ಹೊತ್ತುಕೊಂಡಿದ್ದಿರಿ, ನಾನು ಒಂದು ಮಾತೂ ಕೇಳಲಿಲ್ಲ ಎಂದರು. ನಾನು ಸೆರಗಿನಿಂದ ಅವರ ಕಣ್ಣು ಒರೆಸಿದೆ. ಸೆರಗಿನ ಹಿಟ್ಟು ಅವರ ಕೆನ್ನೆಗೆ ಮೆತ್ತಿಕೊಂಡಿತು.

ಮಾರನೆಯ ಬೆಳಿಗ್ಗೆಯ ಬಸ್ಸಿಗೆ ಹೊರಟರು. ಇಡೀ ಬೀದಿ ಗಡಿಗಲ್ಲಿನವರೆಗೆ ಹೋಯಿತು. ಕಲ್ಲು ದಾಟುವ ಮೊದಲು ಒಮ್ಮೆ ನಿಂತು ಉಸಿರು ಎಳೆದುಕೊಂಡರು, ತಣ್ಣೀರು ಮೈಮೇಲೆ ಸುರಿದುಕೊಳ್ಳುವವರ ಹಾಗೆ. ಆಚೆ ಕಾಲಿಟ್ಟ ಕೂಡಲೇ ಸೊಂಟ ಬಾಗಿತು. ಕೊಡೆಯನ್ನು ಊರುಗೋಲು ಮಾಡಿಕೊಂಡು ಬಸ್ಸಿನತ್ತ ನಡೆದರು. ಈಚೆ ನಿಂತ ನಮಗೆ ಯಾರಿಗೂ ಪಕ್ಕೆ ನೋಯುತ್ತಿರಲಿಲ್ಲ. ಮರಿಸಿದ್ದಯ್ಯ ಮುಖ ಆಚೆ ತಿರುಗಿಸಿಕೊಂಡ.

ಐದು ತಿಂಗಳು ಸುದ್ದಿಯಿಲ್ಲ. ಇದು ಹೇಳಿದರೆ ಹೊರಗಿನವರಿಗೆ ಅರ್ಥವಾಗುವುದಿಲ್ಲ. ನಮ್ಮವರು ಇದ್ದಾರೋ ಇಲ್ಲವೋ ಎಂದು ನಾವು ಯಾವತ್ತೂ ಕೇಳಬೇಕಾಗಿ ಬಂದಿರಲಿಲ್ಲ, ಮೈಯೇ ಹೇಳುತ್ತಿತ್ತು. ಈಗ ಬೆಳಿಗ್ಗೆ ಎದ್ದು ಪಕ್ಕೆ ಒತ್ತಿ ನೋಡಿಕೊಂಡರೆ ಏನೂ ಇಲ್ಲ. ಎಷ್ಟೋ ಜನ ಹಾಗೆ ಒತ್ತಿ ನೋಡಿಕೊಳ್ಳುವುದನ್ನು ನಾನು ಕಂಡೆ. ನಾನೂ ನೋಡಿಕೊಳ್ಳುತ್ತಿದ್ದೆ. ಮೈ ಹಗುರವಾಗಿ ಅಷ್ಟು ಸಂಕಟವಾದದ್ದು ನನಗೆ ಅದೇ ಮೊದಲು.

ಆರನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಬಸ್ಸಿಳಿದು ಬಂದರು. ಅರ್ಧ ಆಳಾಗಿದ್ದರು. ಪಕ್ಕೆಯ ಒಳಗೆ ಗಡ್ಡೆ ಇತ್ತಂತೆ, ತೆಗೆದರಂತೆ, ಇನ್ನೆರಡು ತಿಂಗಳು ಬಿಟ್ಟಿದ್ದರೆ ತೆಗೆಯಲು ಆಗುತ್ತಿರಲಿಲ್ಲವಂತೆ. ಸಂಶೋಧನೆಯ ಫಲಿತಾಂಶವನ್ನು ಮೊದಲು ನಿಮಗೇ ತಿಳಿಸುತ್ತೇವೆಂದು ಪತ್ರದ ಹತ್ತನೇ ಪುಟದಲ್ಲಿ ಮಾತು ಕೊಟ್ಟಿದ್ದೆನಲ್ಲ, ಅದಕ್ಕೆ ಬಂದೆ ಎಂದರು. ಎರಡು ಮುಲಾಮಿನಿಂದಲೂ ಏನೂ ಉಪಯೋಗವಿರಲಿಲ್ಲ, ದಿನಾ ಮೂವತ್ತು ಜನ ಬಂದು ಕಾಲು ತಿಕ್ಕಿದ್ದರಿಂದ ಮರಿಸಿದ್ದಯ್ಯನ ಮಂಡಿ ಸಡಿಲವಾಯಿತು ಎಂದು ಓದಿ ಹೇಳಿದರು. ಮರಿಸಿದ್ದಯ್ಯ ಎಲ್ಲರನ್ನೂ ಒಮ್ಮೆ ಅರ್ಥಗರ್ಭಿತವಾಗಿ ನೋಡಿದ.

ಇಷ್ಟನ್ನೂ ಅವರು ಗಡಿಗಲ್ಲಿನ ಆಚೆ ನಿಂತೇ ಹೇಳಿದರು. ಒಳಗೆ ಬನ್ನಿ ಎಂದರೆ ಬರಲೊಲ್ಲರು. ಗಾಯ ಇನ್ನೂ ಪೂರ್ತಿ ಮಾಗಿಲ್ಲ, ನಾನು ಒಳಗೆ ಬಂದರೆ ಅದು ನಿಮ್ಮ ಮೇಲೆ ಬೀಳುತ್ತದೆ, ಮೊದಲ ಸಲ ಕೇಳದೆ ಬಂದಿದ್ದೆ, ಈಗ ಕೇಳಿ ಬರುತ್ತೇನೆ, ಒಬ್ಬರು ಬೇಡವೆಂದರೂ ಬರುವುದಿಲ್ಲ ಎಂದರು. ನಾವು ನಕ್ಕೆವು. ಇದೆಂಥ ಕೇಳುವಂಥ ಮಾತು ಎಂದು ಒಬ್ಬೊಬ್ಬರೂ ಬನ್ನಿ ಬನ್ನಿ ಎಂದೆವು. ಅರವತ್ತೆರಡು ಜನ ಅಂದೆವು.

ಮಾದೇವಿ ಅನ್ನಲಿಲ್ಲ. ಕೊನೆಯ ಮನೆಯ ಸೊಸೆ, ತುಂಬಿದ ಬಸುರಿ. ಮಾತೇ ಆಡದ ಹುಡುಗಿ ಅವತ್ತು ಸೆರಗು ಹಿಡಿದುಕೊಂಡು ಮುಂದೆ ಬಂದಳು.

"ನಂಗೆ ಬ್ಯಾಡ ಮೇಡಮ್ಮೋರೆ. ಪುಟ್ಟೀರಮ್ಮ ನನ್ನ ನೋವ ತನ್ನ ಹೊಟ್ಟೇಲಿ ನೋಡ್ಕಂಡು ಹೆರಿಗೆ ಮಾಡಿಸ್ತಾಳೆ. ನಿಮ್ಮದೂ ಬಂದು ಸೇರ್ಕಂಡ್ರೆ ಯಾವ್ದು ಯಾರ್ದು ಅಂತ ಗೊತ್ತಾಗಾಕಿಲ್ಲ. ನಂಗೆ ಈಗಾಗ್ಲೇ ಎರಡು ಸಲ ಬಸುರು ಹೋಗೈತೆ."

ಬೀದಿಗೆ ನಾಚಿಕೆಯಾಯಿತು. ಅವಳ ಅತ್ತೆ ಸಿಡುಕಿದಳು. ಒಂದು ಪಾಲು ನೋವಿಗೆ ಸತ್ತುಹೋಗುತ್ತೀಯಾ ಎಂದು ಯಾರೋ ಅಂದರು. ನಾನೂ ಸೇರಿಕೊಂಡೆ. ಸೇರದೇ ಇರುವವರಿಗೆ ಯಾವ ತೊಂದರೆಯೂ ಆಗುವುದಿಲ್ಲ, ಯಾರೂ ಒತ್ತಾಯ ಮಾಡುವುದಿಲ್ಲ ಎನ್ನುವ ಎರಡನೇ ಪುಟವನ್ನು ಅರವತ್ತು ಸಲ ಗಟ್ಟಿಯಾಗಿ ಓದಿದ ನಾನೇ, ಹೋಗಲಿ ಬಿಡೇ, ಹೂಂ ಅನ್ನು ಎಂದೆ. ಈಗಲೂ ಅದನ್ನು ನೆನೆದರೆ ಮುಖ ಬಿಸಿಯಾಗುತ್ತದೆ.

"ಯಾರೂ ಅವಳನ್ನ ಒಪ್ಪಿಸೋಕೆ ಹೋಗಬೇಡಿ," ಎಂದರು ಮೇಡಮ್ಮು. ಅವರು ದನಿ ಏರಿಸಿದ್ದನ್ನು ನಾವು ಅವತ್ತೇ ಕೇಳಿದ್ದು. "ಬೇಡ ಅಂದ ಮೇಲೆ ಮುಗೀತು. ಚನ್ನಾಜಕ್ಕ, ನಿಮಗೂ ಹೇಳ್ತಾ ಇದ್ದೀನಿ."

ವಾಪಸು ಹೋಗುತ್ತಾರೆ ಅಂದುಕೊಂಡೆವು. ಹೋಗಲಿಲ್ಲ. ಗಡಿಗಲ್ಲಿನ ಆಚೆ ಹಳೆಯ ದನದ ಆಸ್ಪತ್ರೆ ಪಾಳು ಬಿದ್ದಿತ್ತು. ಅದರ ವರಾಂಡದಲ್ಲಿ ಚಾಪೆ ಹಾಸಿಕೊಂಡರು. ಅಲ್ಲೇ ಉಳಿದರು. ನಾನು ಎರಡು ಹೊತ್ತು ಊಟ ಒಯ್ಯುತ್ತಿದ್ದೆ. ಅವರು ಹಲ್ಲು ಕಚ್ಚಿಕೊಂಡು ಎದ್ದು ಕೂರುವುದನ್ನು ನೋಡಿದರೆ, ಒಂದು ಹೆಜ್ಜೆ ಈಚೆ ಬಂದರೆ ಸಾಕಲ್ಲ ಎನಿಸುತ್ತಿತ್ತು. ಒಮ್ಮೆ ಹಾಗೆ ಹೇಳಿಯೂ ಬಿಟ್ಟೆ. ಊಟದ ಡಬ್ಬಿಯ ಮುಚ್ಚಳ ಹಾಕಿ ಕೈಗೆ ಕೊಟ್ಟು, ನಾಳೆ ಸ್ವಲ್ಪ ಖಾರ ಕಡಿಮೆ ಹಾಕಿ ಅಕ್ಕಾ ಎಂದರು.

ಹತ್ತನೇ ದಿನ ಬೆಳಿಗ್ಗೆ ಮಾದೇವಿಗೆ ನೋವು ಶುರುವಾಯಿತು. ಬೀದಿಯೆಲ್ಲ ಗೋಡೆಗೆ ಒರಗಿ ಕೂತಿತು. ಪುಟ್ಟೀರಮ್ಮ ಕಣ್ಣುಮುಚ್ಚಿ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ನೋವು ಇದ್ದಕ್ಕಿದ್ದ ಹಾಗೆ ಮೇಲಕ್ಕೆ ಹತ್ತಿ ಬಲ ಪಕ್ಕೆಯ ಕೆಳಗೆ ಚುಚ್ಚಿತು. ನಮಗೆಲ್ಲ ಚುಚ್ಚಿತು. ಪುಟ್ಟೀರಮ್ಮ ಕಣ್ಣುಬಿಟ್ಟು, ಮಗು ತಿರುಗಿಕೊಂಡೈತೆ, ಅದು ಅದರ ಕಾಲು ಎಂದು ಕೂಡಲೇ ಎದ್ದಳು. ಎರಡು ಕೈಯಿಂದಲೂ ಮಗುವನ್ನು ನಿಧಾನವಾಗಿ ನೀವಿ ನೀವಿ ತಿರುಗಿಸಿದಳು. ಆ ಪಕ್ಕೆಯಲ್ಲಿ ಮೇಡಮ್ಮಿನ ನೋವು ಮೊದಲೇ ಕೂತಿದ್ದರೆ ನಂಗೆ ತಿಳೀತಿರಲಿಲ್ಲ ಎಂದು ಆಮೇಲೆ ಬಿಸಿನೀರಿನಲ್ಲಿ ಕೈ ತೊಳೆಯುತ್ತಾ ನನಗೊಬ್ಬಳಿಗೇ ಹೇಳಿದಳು. ಗಂಡುಮಗು, ಕೂಗಿದ ಕೂಗಿಗೆ ನನ್ನ ಗಿರಣಿ ಸುಮ್ಮನಿರಬೇಕು. ಸುದ್ದಿ ತಿಳಿಸಲು ಅಳುತ್ತಲೇ ವರಾಂಡಕ್ಕೆ ಓಡಿದೆ. ಅವರು ಹೆದರಿ ಎದ್ದು ನಿಂತರು, ಆಮೇಲೆ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡರು.

ಮೂರು ದಿನ ಬಿಟ್ಟು ಮಾದೇವಿ ಮಗುವನ್ನು ಎತ್ತಿಕೊಂಡು ತಾನೇ ಗಡಿಗಲ್ಲಿನವರೆಗೆ ನಡೆದು ಬಂದಳು. ಬಾಣಂತಿ ಹೊರಗೆ ಬರಬಾರದು ಎಂದು ಅತ್ತೆ ಹಿಂದೆಯೇ ಗೊಣಗುತ್ತಾ ಬಂದಳು, ಅವಳ ಹಿಂದೆ ಬೀದಿ ಬಂತು. ಕಲ್ಲಿನ ಈಚೆ ನಿಂತು, ಈಗ ಬನ್ನಿ ಎಂದಳು. ಮೇಡಮ್ಮು ಚಾಪೆ ಸುತ್ತಿಕೊಂಡು ಕಲ್ಲಿನ ಹತ್ತಿರ ಬಂದರು. ಕಾಲೆತ್ತಿದವರು ಮಗುವನ್ನು ನೋಡಿ ಹಾಗೇ ನಿಂತರು.

"ಇವನನ್ನ ಕೇಳಲಿಲ್ಲವಲ್ಲ, ಮಾದೇವಿ," ಎಂದರು.

ನಾವು ಯಾರೂ ಇದನ್ನು ಯೋಚಿಸಿರಲಿಲ್ಲ. ಹನ್ನೊಂದು ಪುಟದಲ್ಲಿ ಎಲ್ಲಾದರೂ ಇದೆಯೇ ಎಂದು ನಾನು ಮನಸ್ಸಿನಲ್ಲೇ ಹುಡುಕಿದೆ. ಮೂರು ದಿನದ ಕೂಸು ಅಮ್ಮನ ತೋಳಿನಲ್ಲಿ ಮುಷ್ಟಿ ಬಿಗಿದು ನಿದ್ದೆ ಮಾಡುತ್ತಿತ್ತು. ಮಾದೇವಿ ಅದರ ಮುಖದ ಮೇಲೆ ಸೆರಗು ಸರಿಮಾಡಿದಳು.

"ಅವನ ಪಾಲೂ ನಂಗೇ ಕೊಡಿ," ಎಂದಳು.

ನೋವು ಹಾಗೆಲ್ಲ ಹೇಳಿದ ಮಾತು ಕೇಳುವುದಿಲ್ಲ, ಅದು ಸಮನಾಗಿ ಹೋಗುತ್ತದೆ ಎಂದು ಪುಟ್ಟೀರಮ್ಮ ಹೇಳಲು ಬಾಯಿ ತೆರೆದವಳು, ಹೇಳುವ ಬದಲು ಮಗುವಿನ ಕಾಲಿಗೆ ಬಟ್ಟೆ ಎಳೆದು ಹೊದಿಸಿದಳು. ಮೇಡಮ್ಮು ಮಾದೇವಿಯ ಮುಖವನ್ನು 'ನಿಜವಾಗಿಯೂ ಒಪ್ಪಿಗೆಯೇ' ಎನ್ನುವ ಹಾಗೆ ನೋಡಿದರು. ಅವಳು ತಲೆಯಾಡಿಸಿದಳು. ಅವರು ಕಲ್ಲು ದಾಟಿ ಕಾಲಿಟ್ಟರು. ನನ್ನ ಬಲ ಪಕ್ಕೆಯ ಕೆಳಗೆ ಎಷ್ಟೋ ದಿನದಿಂದ ಹುಡುಕುತ್ತಿದ್ದ ಆ ಸಣ್ಣ ಮುಳ್ಳು ಚುಚ್ಚಿತು. ಸುತ್ತಲಿದ್ದವರೆಲ್ಲ ಪಕ್ಕೆ ಮುಟ್ಟಿಕೊಂಡು ನಕ್ಕರು. ಮಗು ಮಿಸುಕಲೂ ಇಲ್ಲ. ಮಾದೇವಿ ಮಾತ್ರ ಎಲ್ಲರಿಗಿಂತ ಒಂದು ಗಳಿಗೆ ಹೆಚ್ಚು ಹೊತ್ತು ತುಟಿ ಕಚ್ಚಿಕೊಂಡಿದ್ದಳು.